ಬಿಕಾಂ ಮುಗಿಯಿತು, ರೆಸ್ಯೂಮ್‌ನಲ್ಲಿ ಬರೆಯಲು ಏನೂ ಇಲ್ಲ. ಏನು ಹಾಕಲಿ?

ಹೊನ್ನಾಳಿ_ಹುಡುಗ
ಎಲ್ಲರಿಗೂ ನಮಸ್ಕಾರ. 2024ರಲ್ಲಿ ದಾವಣಗೆರೆಯಲ್ಲಿ ಬಿಕಾಂ ಮುಗಿಸಿದೆ. ಈಗ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಹುಡುಕುತ್ತಿದ್ದೇನೆ. ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಅಪ್ಲೈ ಮಾಡುತ್ತಲೇ ಇದ್ದೇನೆ, ಒಂದು ಫೋನೂ ಬರುತ್ತಿಲ್ಲ. ಮಾರ್ಕ್ಸ್ ಕಡಿಮೆಯೇನಿಲ್ಲ, 71% ಇದೆ. ಹಾಗಾಗಿ ರೆಸ್ಯೂಮ್‌ನಲ್ಲೇ ಏನೋ ಸರಿ ಇಲ್ಲ ಅನಿಸುತ್ತಿದೆ.

ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ ರೆಸ್ಯೂಮ್ ಅದು. ಎರಡು ಪುಟ. ಮೊದಲು ಕೆರಿಯರ್ ಆಬ್ಜೆಕ್ಟಿವ್, ಆಮೇಲೆ ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಕಾಂ ಟೇಬಲ್. ಸ್ಕಿಲ್ಸ್ ಅಂತ ಎಂಎಸ್ ಆಫೀಸ್, ಟ್ಯಾಲಿ ಇಆರ್‌ಪಿ 9. ಸ್ಟ್ರೆಂತ್ಸ್ ಅಂತ ಹಾರ್ಡ್ ವರ್ಕಿಂಗ್, ಪಾಸಿಟಿವ್ ಆಟಿಟ್ಯೂಡ್. ಹಾಬೀಸ್ ಕ್ರಿಕೆಟ್. ಕೊನೆಗೆ ತಂದೆಯ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಪೂರ್ತಿ ವಿಳಾಸ, ಮೇಲೆ ಹೇಳಿದ್ದೆಲ್ಲ ನಿಜ ಅಂತ ಡಿಕ್ಲರೇಷನ್.

ಅನುಭವ ಏನೂ ಇಲ್ಲ. ಡಿಗ್ರಿ ಓದುವಾಗ ರಜೆಯಲ್ಲಿ ಸೋದರಮಾವನ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ಅಷ್ಟೇ. ಫ್ರೆಂಡ್ ಒಬ್ಬ ಹೇಳುತ್ತಿದ್ದಾನೆ, ಬೆಂಗಳೂರಿನಲ್ಲಿ ಒಂದು ಕನ್ಸಲ್ಟೆನ್ಸಿ ದುಡ್ಡು ತಗೊಂಡು ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿಕೊಡುತ್ತದಂತೆ. ಮಾಡಿಸಬಹುದಾ? ಮಾಡಿಸದಿದ್ದರೆ ಇನ್ನೇನು ಬರೆಯಲಿ? ತಿಳಿದವರು ಹೇಳಿ.

ನೇರಮಾತು
ಕನ್ಸಲ್ಟೆನ್ಸಿ ಕಡೆ ತಲೆ ಹಾಕಿಯೂ ಮಲಗಬೇಡ. ಉಳಿದದ್ದು ಆಮೇಲೆ ಮಾತಾಡೋಣ.

ಲೆಡ್ಜರ್_ಅಕ್ಕ
ತಮ್ಮಾ, ಅನುಭವ ಇಲ್ಲ ಅಂತ ಬರೆದು ಮುಂದಿನ ಸಾಲಿನಲ್ಲೇ ಗೊಬ್ಬರದ ಅಂಗಡಿ ಲೆಕ್ಕ ಬರೆದಿದ್ದೇನೆ ಅಂದಿದ್ದೀಯ. ಅದು ಅನುಭವ ಅಲ್ವಾ? ನಾನು ಸಿಎ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ಫ್ರೆಶರ್ ರೆಸ್ಯೂಮ್ ಎಲ್ಲಾ ಒಂದೇ ತರಹ ಇರುತ್ತವೆ. ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್, ಟ್ಯಾಲಿ. ನಿಜವಾದ ಬಿಲ್ಲು ಕೈಯಲ್ಲಿ ಹಿಡಿದವರು ತುಂಬಾ ಕಡಿಮೆ.

ಕೆಲವು ಪ್ರಶ್ನೆ ಕೇಳುತ್ತೇನೆ, ಉತ್ತರ ಬರೆ. ಬಿಲ್ಲು ಟ್ಯಾಲಿಯಲ್ಲಿ ಹಾಕುತ್ತಿದ್ದೆಯಾ, ಪುಸ್ತಕದಲ್ಲಾ? ಜಿಎಸ್‌ಟಿ ರಿಟರ್ನ್ ಯಾರು ಹಾಕುತ್ತಿದ್ದರು? ಖರೀದಿ ಬಿಲ್ಲನ್ನು ಪೋರ್ಟಲ್ ಜೊತೆ ತಾಳೆ ನೋಡುತ್ತಿದ್ದೆಯಾ? ಉದ್ರಿ ಲೆಕ್ಕ ಯಾರ ಹತ್ತಿರ ಇತ್ತು? ಸ್ಟಾಕ್ ಎಣಿಸುತ್ತಿದ್ದೆಯಾ?

ವಿಟಿಯು_2023
ಎರಡು ಪುಟ ಬೇಡ ಬ್ರೋ. ಫ್ರೆಶರ್‌ಗೆ ಒಂದೇ ಪುಟ. ಡಿಕ್ಲರೇಷನ್ ತೆಗೆದುಬಿಡು, ಯಾರೂ ಓದುವುದಿಲ್ಲ. ಕ್ಯಾನ್ವಾದಲ್ಲಿ ಒಳ್ಳೆ ಟೆಂಪ್ಲೇಟ್ ಇವೆ, ಒಂದು ಗಂಟೆಯಲ್ಲಿ ಆಗುತ್ತದೆ.

ಕಡಲತೀರ_ರಿಕ್ರೂಟರ್
@ವಿಟಿಯು_2023 ಒಂದು ಪುಟ ಸರಿ. ಕ್ಯಾನ್ವಾ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಎಡಗಡೆ ಬಣ್ಣದ ಪಟ್ಟಿ, ಅದರಲ್ಲಿ ಫೋಟೋ, ಎಕ್ಸೆಲ್‌ಗೆ ಐದರಲ್ಲಿ ನಾಲ್ಕು ಸ್ಟಾರ್. ನಾಲ್ಕು ಸ್ಟಾರ್ ಅಂದರೆ ವಿ-ಲುಕಪ್ ಸೂತ್ರ ಬರುತ್ತದಾ, ಪಿವಟ್ ಟೇಬಲ್ ಬರುತ್ತದಾ, ನನಗೆ ಹೇಗೆ ಗೊತ್ತಾಗಬೇಕು? ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಎರಡು ಕಾಲಂ ಇರುವ ಫೈಲ್ ಅಪ್‌ಲೋಡ್ ಮಾಡಿದಾಗ ನಮ್ಮ ಸಾಫ್ಟ್‌ವೇರ್ ಅದನ್ನು ಅಡ್ಡಡ್ಡ ಓದಿ ಎಲ್ಲಾ ಕಲಸಿ ಹಾಕಿಬಿಡುತ್ತದೆ. ಫೋನ್ ನಂಬರ್ ಹೋಗಿ ಮಾರ್ಕ್ಸ್ ಪಕ್ಕ ಕೂತಿರುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ಪಿಡಿಎಫ್ ತೆರೆಯಿರಿ, ಎಲ್ಲಾ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಅಲ್ಲಿ ಸಾಲುಗಳು ಕ್ರಮವಾಗಿ ಬಂದರೆ ಚಿಂತೆಯಿಲ್ಲ. ಕಲಸಿಹೋದರೆ ಕಂಪನಿಯ ಸಾಫ್ಟ್‌ವೇರ್‌ಗೂ ಹಾಗೇ ಕಾಣುವ ಸಾಧ್ಯತೆ ಜಾಸ್ತಿ. ಸೆಲೆಕ್ಟೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಮತ್ತೆ ಸ್ಕ್ಯಾನ್ ಮಾಡಿಕೊಡುತ್ತಾರಲ್ಲ, ಅದು. ಅಂಥ ಫೈಲ್ ನಮ್ಮ ಹುಡುಕಾಟದಲ್ಲಿ ಬರುವುದು ಕಷ್ಟ. @ಹೊನ್ನಾಳಿ_ಹುಡುಗ ಮೊದಲು ಇದನ್ನು ನೋಡು.

ಹೊನ್ನಾಳಿ_ಹುಡುಗ
ಮೇಡಂ, ಈಗಲೇ ನೋಡಿದೆ. ಸೆಲೆಕ್ಟ್ ಆಗುತ್ತಿಲ್ಲ. ಸಹಿ ಹಾಕಿ ಸ್ಕ್ಯಾನ್ ಮಾಡಿಸಿದ ಫೈಲೇ ಅದು.

ಕಡಲತೀರ_ರಿಕ್ರೂಟರ್
ಹಾಗಾದರೆ ಫೋನ್ ಬರದಿರಲು ಅರ್ಧ ಕಾರಣ ಅಲ್ಲೇ ಸಿಕ್ಕಿತು. ವರ್ಡ್‌ನಲ್ಲಿ ಅಥವಾ ಗೂಗಲ್ ಡಾಕ್ಸ್‌ನಲ್ಲಿ ನೀನೇ ಟೈಪ್ ಮಾಡು. ಟೇಬಲ್ ಬೇಡ, ಫೋಟೋ ಬೇಡ. ಅಲ್ಲಿಂದ ನೇರವಾಗಿ ಪಿಡಿಎಫ್ ಮಾಡು.

ನೇರಮಾತು
ಇದೇ ನನಗೆ ಕೋಪ ಬರಿಸುವ ವಿಷಯ. ಮೂರು ವರ್ಷ ಡಿಗ್ರಿ ಓದಿಸಿ, ಒಂದು ಪುಟದ ರೆಸ್ಯೂಮ್ ಬರೆಯುವುದನ್ನು ಕಾಲೇಜಿನಲ್ಲಿ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಹುಡುಗರು ಸೈಬರ್‌ಗೆ ಹೋಗುತ್ತಾರೆ. ಅವನ ಕಂಪ್ಯೂಟರಿನಲ್ಲಿ ಒಂದು ಹಳೆ ಫೈಲ್ ಇರುತ್ತದೆ, ಹೆಸರು ಬದಲಾಯಿಸಿ ಕೊಡುತ್ತಾನೆ. ಒಂದೇ ಊರಿನ ನೂರು ಹುಡುಗರ ಆಬ್ಜೆಕ್ಟಿವ್ ಒಂದೇ. ಹುಡುಗರದ್ದು ಇದರಲ್ಲಿ ಏನು ತಪ್ಪು?

ಚಾಮುಂಡಿಬೆಟ್ಟ
ಎಲ್ಲಾ ಕಾಲೇಜು ಹಾಗಿಲ್ಲ. ನಾನು ಪಾಠ ಮಾಡುವ ಕಡೆ ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಒಬ್ಬೊಬ್ಬರದೂ ನೋಡಿ ತಿದ್ದುತ್ತೇವೆ. ಆದರೆ ಒಬ್ಬ ಲೆಕ್ಚರರ್ ಎಷ್ಟು ನೋಡಲು ಸಾಧ್ಯ ಹೇಳಿ. ಅದೂ ಗೆಸ್ಟ್ ಆಗಿರುತ್ತಾರೆ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ.

ಹೊನ್ನಾಳಿ_ಹುಡುಗ
@ಲೆಡ್ಜರ್_ಅಕ್ಕ ಅಕ್ಕಾ, ಉತ್ತರ ಹಾಕುತ್ತಿದ್ದೇನೆ. ಮೊದಲು ಪುಸ್ತಕದಲ್ಲೇ ಇತ್ತು. ಆಮೇಲೆ ಮಾವ ಟ್ಯಾಲಿ ಪ್ರೈಮ್ ತಗೊಂಡರು, ನಾನೇ ಹಳೆ ಬಾಕಿಗಳನ್ನೆಲ್ಲಾ ಏರಿಸಿದೆ. ಬಿಲ್ಲು ನಾನೇ ಹಾಕುತ್ತಿದ್ದೆ. ರಿಟರ್ನ್ ದಾವಣಗೆರೆಯ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹಾಕುತ್ತಿದ್ದರು, ಅವರಿಗೆ ಎಕ್ಸೆಲ್ ಮಾಡಿ ಕಳಿಸುತ್ತಿದ್ದೆ. ಅವರು 2ಬಿ (ನಮಗೆ ಮಾರಿದವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ) ಕಳಿಸುತ್ತಿದ್ದರು, ಕಂಪನಿ ಬಿಲ್ಲುಗಳು ಅದರಲ್ಲಿ ಬಂದಿವೆಯಾ ಅಂತ ಒಂದೊಂದೇ ನೋಡಿ ಟಿಕ್ ಹಾಕುತ್ತಿದ್ದೆ. ಬರದಿದ್ದರೆ ಡೀಲರ್‌ಗೆ ಫೋನ್ ಮಾಡುತ್ತಿದ್ದೆ. ಉದ್ರಿ ಜಾಸ್ತಿ, ರೈತರು ಮೆಕ್ಕೆಜೋಳ ಮಾರಿದ ಮೇಲೆ ಕೊಡುತ್ತಾರೆ. ಆ ಪಟ್ಟಿ ನನ್ನ ಹತ್ತಿರ ಇರುತ್ತಿತ್ತು. ಯೂರಿಯಾ ಸ್ಟಾಕ್ ಪಿಒಎಸ್ (ಮಾರಾಟ ದಾಖಲಿಸುವ) ಮೆಷಿನ್‌ನಲ್ಲಿ ಇದ್ದಷ್ಟು ಗೋಡೌನ್‌ನಲ್ಲಿ ಇರಬೇಕು, ಅದನ್ನೂ ಎಣಿಸುತ್ತಿದ್ದೆ.

ಲೆಡ್ಜರ್_ಅಕ್ಕ
ಇಷ್ಟೆಲ್ಲಾ ಮಾಡಿ ಸ್ಕಿಲ್ಸ್‌ನಲ್ಲಿ ಬರೀ ಟ್ಯಾಲಿ ಇಆರ್‌ಪಿ 9 ಅಂತ ಬರೆದಿದ್ದೀಯಾ? ಅದೂ ಹಳೆಯ ಹೆಸರು. ಟ್ಯಾಲಿ ಪ್ರೈಮ್ 2020ರಲ್ಲೇ ಬಂದಿದೆ, ನೀನು ಅದರಲ್ಲೇ ಕೆಲಸವನ್ನೂ ಮಾಡಿದ್ದೀಯ. ಇಆರ್‌ಪಿ 9 ಅಂತ ನೋಡಿದರೆ ಯಾವುದೋ ಹಳೆಯ ಸರ್ಟಿಫಿಕೇಟ್ ಕೋರ್ಸ್ ಅಂದುಕೊಳ್ಳುತ್ತಾರೆ.

ಈಗ ಕೇಳು. ಗೊಬ್ಬರದ ಅಂಗಡಿಯನ್ನು ಸಣ್ಣದು ಅಂದುಕೊಳ್ಳಬೇಡ. ರಸಗೊಬ್ಬರಕ್ಕೆ ಜಿಎಸ್‌ಟಿ 5%, ರಾಸಾಯನಿಕ ಕೀಟನಾಶಕಕ್ಕೆ 18%, ಬಿತ್ತನೆ ಬೀಜಕ್ಕೆ ಜಿಎಸ್‌ಟಿಯೇ ಇಲ್ಲ. ಮೂರೂ ಒಂದೇ ಕೌಂಟರ್‌ನಲ್ಲಿ, ಎಷ್ಟೋ ಸಲ ಒಬ್ಬನೇ ರೈತನಿಗೆ ಹೋಗುತ್ತವೆ. ಒಂದೇ ದರದ ಬಿಲ್ಲು ಹಾಕಿ ಅಭ್ಯಾಸವಾದವರಿಗೆ ಇದು ಬೇಗ ಬರುವುದಿಲ್ಲ. 2ಬಿ ಜೊತೆ ಬಿಲ್ಲು ತಾಳೆ ನೋಡುವುದು ನಮ್ಮ ಆಫೀಸಿನಲ್ಲಿ ಪ್ರತಿ ತಿಂಗಳು 14ರ ನಂತರ ಎಲ್ಲರೂ ಕೂತು ಮಾಡುವ ಕೆಲಸ. ಹೊಸಬರಿಗೆ ಅದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು. ಉದ್ರಿ ಪಟ್ಟಿ ಅಂದೆಯಲ್ಲ, ಯಾರ ಬಾಕಿ ಎಷ್ಟು ತಿಂಗಳಿನದು ಅಂತ ವಿಂಗಡಿಸುವುದು ದೊಡ್ಡ ಕಂಪನಿಗಳಲ್ಲಿ ಒಂದು ಪೂರ್ತಿ ಹುದ್ದೆ.

ಹೀಗೆ ಬರೆ. ಇಂಗ್ಲಿಷಿನಲ್ಲೇ ಬರೆಯಬೇಕು, ಇಲ್ಲಿ ತಿಳಿಯಲಿ ಅಂತ ಕನ್ನಡದಲ್ಲಿ ಹಾಕುತ್ತೇನೆ:

ಅಕೌಂಟ್ಸ್ ಸಹಾಯಕ (ರಜಾ ದಿನಗಳಲ್ಲಿ, ಕುಟುಂಬದ ವ್ಯಾಪಾರ), ಗೊಬ್ಬರ ಮತ್ತು ಬೀಜದ ಅಂಗಡಿ, ಹೊನ್ನಾಳಿ.
– ಕೈಬರಹದ ಲೆಡ್ಜರ್ ಬಾಕಿಗಳನ್ನು ಟ್ಯಾಲಿ ಪ್ರೈಮ್‌ಗೆ ಏರಿಸಿದೆ.
– 5%, 18% ಮತ್ತು ಜಿಎಸ್‌ಟಿ ಇಲ್ಲದ ಸರಕುಗಳ ಮಾರಾಟ, ಖರೀದಿ ಬಿಲ್ಲು ಹಾಕಿದೆ.
– ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಬಿಟ್ಟುಹೋದ ಬಿಲ್ಲುಗಳ ಬಗ್ಗೆ ಡೀಲರ್‌ಗಳನ್ನು ವಿಚಾರಿಸಿದೆ.
– ಗ್ರಾಹಕರ ಬಾಕಿ ಪಟ್ಟಿ ನೋಡಿಕೊಂಡೆ, ಗೋಡೌನ್ ಸ್ಟಾಕನ್ನು ಪಿಒಎಸ್ ಮೆಷಿನ್ ಲೆಕ್ಕಕ್ಕೆ ಹೊಂದಿಸಿದೆ.

ರಿಟರ್ನ್ ಫೈಲ್ ಮಾಡಿದೆ ಅಂತ ಮಾತ್ರ ಬರೆಯಬೇಡ, ನೀನು ಮಾಡಿಲ್ಲ. ರಿಟರ್ನ್‌ಗೆ ಬೇಕಾದ ಲೆಕ್ಕ ತಯಾರು ಮಾಡಿಕೊಟ್ಟೆ ಅಂತ ಬರೆ. ಇಂಟರ್‌ವ್ಯೂನಲ್ಲಿ ಜಿಎಸ್‌ಟಿಆರ್-1 (ಮಾರಾಟದ ವಿವರ) ಯಾವ ತಾರೀಖಿನೊಳಗೆ, 3ಬಿ (ತೆರಿಗೆ ಕಟ್ಟುವ ರಿಟರ್ನ್) ಯಾವ ತಾರೀಖಿನೊಳಗೆ ಅಂತ ಖಂಡಿತ ಕೇಳುತ್ತಾರೆ. ತಿಂಗಳ ಲೆಕ್ಕದವರಿಗೆ ಮುಂದಿನ ತಿಂಗಳ 11 ಮತ್ತು 20. ಮಾವನ ಅಂಗಡಿ ಮೂರು ತಿಂಗಳಿಗೊಮ್ಮೆ ಹಾಕುವ ಸ್ಕೀಮ್‌ನಲ್ಲಿತ್ತಾ ಅಂತ ಈಗಲೇ ಕೇಳಿಟ್ಟುಕೋ. ವರ್ಷದ ವಹಿವಾಟು 5 ಕೋಟಿಯೊಳಗೆ ಇದ್ದವರಿಗೆ ಅದು ಇದೆ.

ಭದ್ರಾ_ನಾಲೆ
ಸ್ವಲ್ಪ ವಿಷಯಾಂತರ. @ಹೊನ್ನಾಳಿ_ಹುಡುಗ ನಿಮ್ಮ ಕಡೆ ಯೂರಿಯಾ ಸಿಗುತ್ತಿದೆಯಾ? ನಮ್ಮಲ್ಲಿ ಬೆಳಿಗ್ಗೆಯೇ ಕ್ಯೂ.

ಹೊನ್ನಾಳಿ_ಹುಡುಗ
@ಭದ್ರಾ_ನಾಲೆ ಅಣ್ಣಾ, ಲೋಡ್ ಬಂದ ದಿನವೇ ಖಾಲಿ ಆಗುತ್ತದೆ. ಮಾವ ಒಬ್ಬೊಬ್ಬರಿಗೆ ಇಷ್ಟು ಚೀಲ ಅಂತ ಹಂಚುತ್ತಾರೆ.

ಭದ್ರಾ_ನಾಲೆ
ಚೀಲವೂ ಮೊದಲಿನ ಹಾಗಿಲ್ಲ. 50 ಕೆಜಿ ಇದ್ದದ್ದು 45 ಮಾಡಿದರು. ಇರಲಿ, ನೀವು ಕೆಲಸದ ಮಾತು ಮುಂದುವರಿಸಿ.

ಕಾಲ್_ಸೆಂಟರ್_ಕಥೆ
ಎಲ್ಲರೂ ನೀತಿ ಹೇಳುತ್ತಿದ್ದೀರಿ. ವಾಸ್ತವ ನೋಡಿ. ಫ್ರೆಶರ್ ಬೇಕು ಅಂತ ಹಾಕಿ ಕೆಳಗೆ ಎರಡು ವರ್ಷ ಅನುಭವ ಕೇಳುತ್ತಾರೆ. ಮೊದಲು ಸುಳ್ಳು ಹೇಳುತ್ತಿರುವುದು ಕಂಪನಿಯವರು. ನನ್ನ ಬ್ಯಾಚ್‌ನಲ್ಲಿ ಎಷ್ಟೋ ಜನ ಫೇಕ್ ಹಾಕಿಕೊಂಡೇ ಒಳಗೆ ಹೋದರು, ಈಗ ಚೆನ್ನಾಗಿದ್ದಾರೆ. ಪಾಪದ ಹುಡುಗ ಮನೆಯಲ್ಲಿ ಕೂರಬೇಕಾ?

ಕಡಲತೀರ_ರಿಕ್ರೂಟರ್
ಜಾಹೀರಾತಿನ ಬಗ್ಗೆ ನೀವು ಹೇಳಿದ್ದು ಸರಿ. ಅದು ಕೆಟ್ಟ ಪದ್ಧತಿ, ನಾನೇ ಮೀಟಿಂಗ್‌ಗಳಲ್ಲಿ ಜಗಳ ಆಡಿದ್ದೇನೆ. ಆದರೆ ಫೇಕ್ ಹಾಕಿದರೆ ಅದರ ಪೆಟ್ಟು ಬೀಳುವುದು ಹುಡುಗನಿಗೇ. ಹೇಗೆ ಸಿಕ್ಕಿಬೀಳುತ್ತಾರೆ ಹೇಳುತ್ತೇನೆ. ಎರಡು ವರ್ಷ ಕೆಲಸ ಮಾಡಿದ್ದರೆ ಸಾಮಾನ್ಯವಾಗಿ ಪಿಎಫ್ ಇರಬೇಕು. ಸೇರುವಾಗ ಯುಎಎನ್ (ಪಿಎಫ್ ಸದಸ್ಯತ್ವದ) ನಂಬರ್ ಕೇಳುತ್ತೇವೆ, ಇಪಿಎಫ್‌ಒ ಸೈಟ್‌ನ ಸರ್ವಿಸ್ ಹಿಸ್ಟರಿಯಲ್ಲಿ ಯಾವ ಕಂಪನಿ, ಯಾವ ತಾರೀಖಿನಿಂದ ಅಂತ ಬರುತ್ತದೆ. ಪಿಎಫ್ ಇಲ್ಲ ಅಂದರೆ ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತೇವೆ. ಅದೂ ಇಲ್ಲ ಅಂದರೆ ಮುಗಿಯಿತು. ಎಷ್ಟೋ ಕಡೆ ಈ ಪರಿಶೀಲನೆ ಸೇರಿದ ಮೇಲೆ ನಡೆಯುತ್ತದೆ. ಅಂದರೆ ಹುಡುಗ ಪಿಜಿಗೆ ಅಡ್ವಾನ್ಸ್ ಕೊಟ್ಟು, ಊರಲ್ಲೆಲ್ಲಾ ಕೆಲಸ ಸಿಕ್ಕಿತು ಅಂತ ಹೇಳಿ, ಆಮೇಲೆ ಕಳೆದುಕೊಳ್ಳುತ್ತಾನೆ. ಅಂಥ ಮಕ್ಕಳನ್ನು ಎದುರು ಕೂರಿಸಿಕೊಂಡು ಮಾತಾಡಬೇಕಾದವಳು ನಾನು. ದುಡ್ಡು ತಗೊಂಡ ಕನ್ಸಲ್ಟೆನ್ಸಿಯವನು ಆ ದಿನ ಫೋನ್ ಎತ್ತುವುದಿಲ್ಲ.

ಕಾಲ್_ಸೆಂಟರ್_ಕಥೆ
ಸಣ್ಣ ಕಂಪನಿಗಳು ಇಷ್ಟೆಲ್ಲಾ ನೋಡುವುದಿಲ್ಲ ಮೇಡಂ.

ಲೆಡ್ಜರ್_ಅಕ್ಕ
ಸಣ್ಣ ಕಂಪನಿ ಪಿಎಫ್ ನೋಡುವುದಿಲ್ಲ, ಸರಿ. ಎದುರಿಗೆ ಕಂಪ್ಯೂಟರ್ ಇಟ್ಟು ಹತ್ತು ಬಿಲ್ಲು ಕೊಟ್ಟು ಎಂಟ್ರಿ ಮಾಡು ಅನ್ನುತ್ತದೆ. ಎರಡು ವರ್ಷದ ಅನುಭವ ಇದೆ ಅಂದವನ ಕೈ ಅಲ್ಲಿ ನಿಂತುಹೋದರೆ? ಈ ಹುಡುಗನ ಹತ್ತಿರ ನಿಜವಾದ ಕೆಲಸ ಇದೆ. ಅದನ್ನು ಮುಚ್ಚಿಟ್ಟು ಸುಳ್ಳನ್ನು ದುಡ್ಡು ಕೊಟ್ಟು ಯಾಕೆ ತರಬೇಕು?

ಪೀಣ್ಯ_ಮೆಷಿನಿಸ್ಟ್
ನಾನು ಐಟಿಐ ಮಾಡಿ ಪೀಣ್ಯದಲ್ಲಿದ್ದೇನೆ. ನಮ್ಮ ಕಡೆ ರೆಸ್ಯೂಮ್ ಅರ್ಧ ಪುಟ ಇದ್ದರೂ ನಡೆಯುತ್ತದೆ, ಆದರೆ ಅದರಲ್ಲಿ ಮೆಷಿನ್ ಹೆಸರು ಇರಬೇಕು. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಗೊತ್ತು ಅಂತ ಬರೆದರೆ ಏನೂ ಅರ್ಥವಾಗುವುದಿಲ್ಲ. ಟರ್ನಿಂಗಾ, ವಿಎಂಸಿಯಾ (ಮಿಲ್ಲಿಂಗ್)? ಕಂಟ್ರೋಲರ್ ಫ್ಯಾನುಕ್ಕಾ, ಸೀಮೆನ್ಸಾ? ಬರೀ ಆಪರೇಟಿಂಗಾ, ಸೆಟ್ಟಿಂಗ್ ಕೂಡ ಬರುತ್ತದಾ, ಪ್ರೋಗ್ರಾಂ ತಿದ್ದಲು ಬರುತ್ತದಾ? ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್ ಯಾವುದು ಹಿಡಿದಿದ್ದೀಯ? ನಮ್ಮ ಸೂಪರ್‌ವೈಸರ್ ಇಷ್ಟನ್ನೇ ನೋಡುತ್ತಾರೆ. ಈಗ ಹುಡುಗರು ಮೊಬೈಲ್‌ನಲ್ಲೇ ವಾಟ್ಸಾಪ್ ಮಾಡಿ ಕಳಿಸುತ್ತಾರೆ, ಅದೂ ಸರಿ. ಆದರೆ ಫೋಟೋ ಹೊಡೆದು ಕಳಿಸಬೇಡಿ, ಪಿಡಿಎಫ್ ಕಳಿಸಿ. ಫೋನ್ ನಂಬರ್ ಮೇಲೆ ದೊಡ್ಡದಾಗಿ ಇರಲಿ. ರೀಚಾರ್ಜ್ ಮುಗಿದು ನಂಬರ್ ಬಂದ್ ಆಗಿರುವವರು ಎಷ್ಟು ಜನ ಅಂತೀರಿ.

ವಿಟಿಯು_2023
ಇಂಜಿನಿಯರಿಂಗ್‌ನವರಿಗೂ ಇದೇ ಮಾತು ಹೊಂದುತ್ತದೆ. ನಮ್ಮ ಬ್ಯಾಚ್‌ನಲ್ಲಿ ಅರ್ಧ ಜನರ ಪ್ರಾಜೆಕ್ಟ್ ಸ್ಮಾರ್ಟ್ ಇರಿಗೇಷನ್, ಇನ್ನರ್ಧ ಅಟೆಂಡೆನ್ಸ್ ಸಿಸ್ಟಂ. ನಾಲ್ಕು ಜನರ ಟೀಮ್, ನಾಲ್ವರ ರೆಸ್ಯೂಮ್‌ನಲ್ಲೂ ಒಂದೇ ಪ್ಯಾರಾ. ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಯೇ ಇದರಲ್ಲಿ ನೀನು ಮಾಡಿದ್ದು ಯಾವುದು ಅಂತ. ಸೆನ್ಸರ್ ಓದುವ ಕೋಡ್ ನಾನು ಬರೆದೆ, ಒಣ ಮಣ್ಣು, ಒದ್ದೆ ಮಣ್ಣು ಎರಡರಲ್ಲೂ ಇಟ್ಟು ಅಂಕಿ ನೋಡಿ ಮಿತಿ ನಿಗದಿ ಮಾಡಿದೆ ಅಂತ ಒಂದು ಸಾಲು ಇದ್ದರೆ ಮಾತು ಅಲ್ಲಿಂದ ಶುರುವಾಗುತ್ತದೆ. ಗಿಟ್‌ಹಬ್ ಲಿಂಕ್ ಹಾಕುವವರು ಅದು ತೆರೆಯುತ್ತದಾ ಅಂತ ಬೇರೆ ಫೋನ್‌ನಲ್ಲಿ ನೋಡಿ. ಪ್ರೈವೇಟ್ ಇಟ್ಟು ಲಿಂಕ್ ಹಾಕಿರುತ್ತಾರೆ.

ಧಾರವಾಡ_ಮಳೆ
ನನ್ನದು ಬೇರೆ ಪ್ರಶ್ನೆ. ಬಿಎ ಮುಗಿಸಿ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಕೆಎಎಸ್, ಎಫ್‌ಡಿಎಗೆ ಓದಿದೆ. ಆಗಲಿಲ್ಲ. ಈಗ ಖಾಸಗಿ ಕೆಲಸಕ್ಕೆ ಹಾಕಬೇಕು. ಆ ಗ್ಯಾಪ್ ಹೇಗೆ ತೋರಿಸುವುದು? ಕೆಲವರು ಮುಚ್ಚಿಡು ಅನ್ನುತ್ತಾರೆ.

ನೇರಮಾತು
ಯಾಕೆ ಮುಚ್ಚಿಡಬೇಕು? ಕಳ್ಳತನ ಮಾಡಿದ್ದೀರಾ? ಕರ್ನಾಟಕದಲ್ಲಿ ಅರ್ಧ ಪದವೀಧರರು ಒಂದಲ್ಲ ಒಂದು ಪರೀಕ್ಷೆಗೆ ಓದಿದವರೇ.

ಕಡಲತೀರ_ರಿಕ್ರೂಟರ್
ಒಂದು ಸಾಲಿನಲ್ಲಿ ನೇರವಾಗಿ ಹಾಕಿ. ಇಂಥ ವರ್ಷದಿಂದ ಇಂಥ ವರ್ಷದವರೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ. ಪ್ರಿಲಿಮ್ಸ್ ಪಾಸಾಗಿದ್ದರೆ ಅದನ್ನೂ ಹಾಕಿ. ನಮಗೆ ಅನುಮಾನ ಬರುವುದು ಖಾಲಿ ಜಾಗ ನೋಡಿದಾಗ. ಆದರೆ ಇನ್ನೊಂದು ಪ್ರಶ್ನೆ ಬರುತ್ತದೆ, ಅದಕ್ಕೆ ತಯಾರಾಗಿ: ಮುಂದಿನ ನೋಟಿಫಿಕೇಷನ್ ಬಂದರೆ ಬಿಟ್ಟು ಹೋಗುತ್ತೀರಾ? ಅದಕ್ಕೆ ನಿಮ್ಮ ಮನಸ್ಸಿನಲ್ಲಿ ಏನಿದೆಯೋ ಅದನ್ನೇ ಹೇಳಿ. ಆ ಸಮಯದಲ್ಲಿ ಟ್ಯೂಷನ್ ಹೇಳಿದ್ದೀರಾ? ಕೋಚಿಂಗ್ ಸೆಂಟರ್‌ನಲ್ಲಿ ನೋಟ್ಸ್ ಟೈಪ್ ಮಾಡಿದ್ದೀರಾ? ಲೈಬ್ರರಿ ನೋಡಿಕೊಂಡಿದ್ದೀರಾ?

ಧಾರವಾಡ_ಮಳೆ
ಸಂಜೆ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ, ರೂಮ್ ಬಾಡಿಗೆಗೆ.

ಕಡಲತೀರ_ರಿಕ್ರೂಟರ್
ಅದು ಹೋಗಲಿ ಮೇಲೆ, ಪರೀಕ್ಷೆ ಕೆಳಗೆ. ಎಷ್ಟು ಮಕ್ಕಳು, ಯಾವ ಕ್ಲಾಸ್ ಅಂತ ಬರೆಯಿರಿ.

ಕನ್ನಡ_ಎಂಎ
ಬಿಎ, ಎಂಎ ಕನ್ನಡ ಮಾಡಿದವರಿಗೆ ಒಂದು ಮಾತು. ಅನುವಾದ, ಸಬ್‌ಟೈಟಲ್, ವೆಬ್‌ಸೈಟ್ ಬರವಣಿಗೆ ಕೆಲಸಗಳಿಗೆ ಹಾಕುವಾಗ ಕನ್ನಡ ಟೈಪಿಂಗ್ ಬರುತ್ತದೆ ಅಂತ ಮಾತ್ರ ಬರೆಯಬೇಡಿ. ಯೂನಿಕೋಡ್‌ನಲ್ಲಿ ಬರುತ್ತದಾ, ಹಳೆಯ ನುಡಿ ಫಾಂಟ್‌ನಲ್ಲಿ ಮಾತ್ರವಾ ಅಂತ ಬರೆಯಿರಿ. ಹಳೆ ಫಾಂಟ್‌ನಲ್ಲಿ ಮಾಡಿದ ವರ್ಡ್ ಫೈಲ್ ಅವರ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೊಜಲು ಕಾಣುತ್ತದೆ. ಜೊತೆಗೆ ನೀವು ಮಾಡಿದ ಒಂದು ಪುಟ ಅನುವಾದ, ಮೂಲದ ಸಮೇತ, ಲಿಂಕ್ ಕೊಡಿ. ಅದನ್ನು ಓದಿಯೇ ಕರೆಯುತ್ತಾರೆ.

ಹೊನ್ನಾಳಿ_ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಸಮಸ್ಯೆ ಇದೆ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮ. ಅಕ್ಕ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆಯಲು ಬರುತ್ತಿಲ್ಲ. ಚಾಟ್‌ಜಿಪಿಟಿಗೆ ಕೇಳಿದೆ. ಅದು ತುಂಬಾ ದೊಡ್ಡ ದೊಡ್ಡ ಪದ ಹಾಕಿ ಕೊಟ್ಟಿದೆ. ಅದನ್ನೇ ಹಾಕಲಾ? ಹಾಗೇ 2ನೇ ಪಿಯುಸಿ ನಾವು ಪರೀಕ್ಷೆಯೇ ಬರೆದಿಲ್ಲ, 2021ರ ಬ್ಯಾಚ್. ಅದನ್ನು ಬರೆಯಬೇಕಾ?

ನೇರಮಾತು
ಎಐ ಬರೆದದ್ದು ಹಾಕಬೇಡ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಚಾಮುಂಡಿಬೆಟ್ಟ
@ನೇರಮಾತು ಅಷ್ಟು ಸುಲಭವಾಗಿ ಹೇಳಬೇಡಿ. ಇಂಗ್ಲಿಷ್ ಮನೆಮಾತಿನ ಹಾಗೆ ಇರುವವರಿಗೆ ತಿದ್ದಿಕೊಡಲು ಅಣ್ಣ ಇರುತ್ತಾನೆ, ಅಪ್ಪ ಇರುತ್ತಾರೆ. ಹಳ್ಳಿಯ ಮಕ್ಕಳಿಗೆ ಯಾರಿದ್ದಾರೆ? ನಾನು ನನ್ನ ವಿದ್ಯಾರ್ಥಿಗಳಿಗೆ ಧೈರ್ಯವಾಗಿ ಬಳಸಿ ಅನ್ನುತ್ತೇನೆ. ಆದರೆ ರೆಸ್ಯೂಮ್ ಬರೆದುಕೊಡು ಅಂತ ಕೇಳಬೇಡಿ. ನೀವು ಮಾಡಿದ್ದನ್ನು ಕನ್ನಡದಲ್ಲೇ ಒಂದೊಂದು ಸಾಲು ಬರೆದು, ಇದನ್ನು ಏಳನೇ ಕ್ಲಾಸ್ ಇಂಗ್ಲಿಷಿನಲ್ಲಿ ಹೇಳು, ಏನನ್ನೂ ಸೇರಿಸಬೇಡ ಅಂತ ಕೇಳಿ. ಬಂದ ಸಾಲಿನಲ್ಲಿ ನಿಮಗೆ ಬಾಯಲ್ಲಿ ಹೇಳಲು ಬಾರದ ಪದ ಇದ್ದರೆ ತೆಗೆದುಬಿಡಿ. ಇಂಟರ್‌ವ್ಯೂನಲ್ಲಿ ಆ ಸಾಲು ಓದಿ ವಿವರಿಸು ಅನ್ನುತ್ತಾರೆ. ಮತ್ತೆ ಆಧಾರ್, ಪಾನ್ ನಂಬರ್ ಅದಕ್ಕೆ ಕೊಡಬೇಡಿ. ರೆಸ್ಯೂಮ್‌ನಲ್ಲೂ ಅವು ಬೇಡ.

ಪಿಯುಸಿ ವಿಷಯ: 2021ರಲ್ಲಿ ಕೋವಿಡ್‌ನಿಂದ ಪರೀಕ್ಷೆ ನಡೆಯಲಿಲ್ಲ, ಎಸ್‌ಎಸ್‌ಎಲ್‌ಸಿ ಮತ್ತು ಮೊದಲ ಪಿಯುಸಿ ಅಂಕಗಳ ಮೇಲೆ ಫಲಿತಾಂಶ ಕೊಟ್ಟರು. ಇಡೀ ರಾಜ್ಯಕ್ಕೆ ಹಾಗೇ ಆಗಿದೆ. ವಿವರಣೆ ಏನೂ ಬೇಡ, ಅಂಕಪಟ್ಟಿಯಲ್ಲಿ ಇರುವುದನ್ನು ಬರೆದರೆ ಸಾಕು.

ಕಡಲತೀರ_ರಿಕ್ರೂಟರ್
ಮೇಷ್ಟ್ರು ಹೇಳಿದ್ದಕ್ಕೆ ನನ್ನ ಒಪ್ಪಿಗೆ. ಡೈನಾಮಿಕ್, ರಿಸಲ್ಟ್ ಓರಿಯೆಂಟೆಡ್ ಅಂತ ಶುರುವಾಗುವುದನ್ನು ಓದಿ ಓದಿ ಸಾಕಾಗಿದೆ. ನಾವು ನೌಕ್ರಿಯಲ್ಲಿ ಹುಡುಕುವುದು ಹೇಗೆ ಗೊತ್ತಾ? ಟ್ಯಾಲಿ ಪ್ರೈಮ್, ಜಿಎಸ್‌ಟಿ, ರೀಕನ್ಸಿಲಿಯೇಷನ್, ಬೆಂಗಳೂರು ಅಂತ ಪದ ಹಾಕಿ ಹುಡುಕುತ್ತೇವೆ. ಆ ಪದಗಳು ನಿಮ್ಮ ಪುಟದಲ್ಲಿ ಸ್ಪೆಲ್ಲಿಂಗ್ ಸರಿಯಾಗಿ ಇರಬೇಕು. ಡೈನಾಮಿಕ್ ಅಂತ ಹಾಕಿ ಯಾರೂ ಹುಡುಕುವುದಿಲ್ಲ. ಊರು ಹೊನ್ನಾಳಿ ಅಂತ ಮಾತ್ರ ಇದ್ದರೆ ಬೆಂಗಳೂರಿನ ಫಿಲ್ಟರ್‌ನಲ್ಲಿ ನೀನು ಬರುವುದೇ ಇಲ್ಲ. ಪ್ರೊಫೈಲ್‌ನಲ್ಲಿ ಬೆಂಗಳೂರಿಗೆ ಬರಲು ಸಿದ್ಧ ಅಂತ ಆಯ್ಕೆ ಮಾಡು, ರೆಸ್ಯೂಮ್‌ನ ಮೊದಲ ಸಾಲಿನಲ್ಲೂ ಹಾಕು. ಪ್ರೊಫೈಲ್ ಆಗಾಗ ತೆರೆದು ಒಂದಾದರೂ ಬದಲಾವಣೆ ಮಾಡುತ್ತಿರು. ಇತ್ತೀಚೆಗೆ ಯಾರು ಲಾಗಿನ್ ಆಗಿದ್ದಾರೆ ಅಂತ ನೋಡಿ ಕರೆಯುವವರು ನಮ್ಮಲ್ಲಿ ಜಾಸ್ತಿ.

ಮ್ಯೂನಿಕ್_ಕನ್ನಡಿಗ
ಫೋಟೋ ಬೇಡ ಅಂತ ಎಲ್ಲರೂ ಹೇಳುತ್ತಿದ್ದೀರಿ. ಜರ್ಮನಿಯಲ್ಲಿ ಇವತ್ತಿಗೂ ತುಂಬಾ ಜನ ಫೋಟೋ ಹಾಕುತ್ತಾರೆ. 2006ರಲ್ಲಿ ತಾರತಮ್ಯ ವಿರೋಧಿ ಕಾಯ್ದೆ ಬಂದ ಮೇಲೆ ಕಂಪನಿಗಳು ಅದನ್ನು ಕಡ್ಡಾಯವಾಗಿ ಕೇಳುವ ಹಾಗಿಲ್ಲ, ಆದರೂ ರೂಢಿ ಹೋಗಿಲ್ಲ. ಇಲ್ಲಿ ಮಾಸ್ಟರ್ಸ್‌ಗೆ ಬರುವ ನಮ್ಮ ಹುಡುಗರು ಪಾರ್ಟ್ ಟೈಮ್ ಕೆಲಸಕ್ಕೆ ಹಾಕುವಾಗ ಜರ್ಮನ್ ಎಷ್ಟು ಬರುತ್ತದೆ ಅನ್ನುವುದನ್ನು ಎ2, ಬಿ1 ಅಂತ ಮಟ್ಟ ಹಾಕಿಯೇ ಬರೆಯಬೇಕು. ಅಮೆರಿಕಕ್ಕೆ ಹಾಕುವವರು ಮಾತ್ರ ಫೋಟೋ, ಹುಟ್ಟಿದ ದಿನಾಂಕ ಎರಡೂ ತೆಗೆಯಿರಿ.

ಪೀಣ್ಯ_ಮೆಷಿನಿಸ್ಟ್
ಅಣ್ಣ ಜರ್ಮನಿಗೆ ಹೋಗಿಬಿಟ್ಟರು. ಹುಡುಗ ಇನ್ನೂ ಹೊನ್ನಾಳಿ ಬಿಟ್ಟಿಲ್ಲ.

ಮ್ಯೂನಿಕ್_ಕನ್ನಡಿಗ
ಓದುವವರಲ್ಲಿ ಇಲ್ಲಿಗೆ ಬರುವವರೂ ಇರುತ್ತಾರಲ್ಲ ಅಂತ ಹಾಕಿದೆ.

ತುಂಗಾತೀರ_ಅಮ್ಮ
ನನ್ನ ಮಗಳಿಗಾಗಿ ಓದುತ್ತಿದ್ದೇನೆ. ತಂದೆಯ ಹೆಸರು, ಧರ್ಮ, ಮದುವೆ ವಿಷಯ ಎಲ್ಲಾ ತೆಗೆಯಬಹುದಾ? ಹೆಣ್ಣುಮಗು, ಪೂರ್ತಿ ವಿಳಾಸ, ಫೋಟೋ ಎಲ್ಲಾ ಎಲ್ಲೆಲ್ಲಿಗೋ ಹೋಗುತ್ತದೆ ಅಂತ ನನಗೆ ಭಯ.

ಕಡಲತೀರ_ರಿಕ್ರೂಟರ್
ಅಮ್ಮಾ, ಎಲ್ಲವನ್ನೂ ತೆಗೆಸಿ. ಊರು, ಫೋನ್, ಇಮೇಲ್ ಸಾಕು. ಉಳಿದದ್ದೆಲ್ಲಾ ಕೆಲಸಕ್ಕೆ ತೆಗೆದುಕೊಂಡ ಮೇಲೆ ಕೇಳುವ ವಿಷಯ. ಕೆಲಸ ಕೊಡಿಸುತ್ತೇವೆ, ಮೊದಲು ರಿಜಿಸ್ಟ್ರೇಷನ್ ದುಡ್ಡು ಕಟ್ಟಿ ಅನ್ನುವ ಫೋನ್ ಬಂದರೆ ಕಟ್ ಮಾಡಲು ಹೇಳಿ.

ಚಾಮುಂಡಿಬೆಟ್ಟ
ಇನ್ನೊಂದು ದಾರಿಯನ್ನೂ ಹುಡುಗರು ಮರೆಯುತ್ತಾರೆ. ಅಪ್ರೆಂಟಿಸ್ ಅಂದರೆ ಐಟಿಐ, ಡಿಪ್ಲೊಮಾದವರಿಗೆ ಮಾತ್ರ ಅಂದುಕೊಂಡಿದ್ದಾರೆ. 1961ರ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ ಬಿಎ, ಬಿಕಾಂ ಆದವರೂ ಸೇರಬಹುದು. ಬ್ಯಾಂಕುಗಳೂ ಪದವೀಧರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ಸ್ಟೈಪೆಂಡ್ ಕಡಿಮೆ, ಆದರೆ ರೆಸ್ಯೂಮ್‌ನಲ್ಲಿ ಒಂದು ವರ್ಷದ ಗಟ್ಟಿ ಸಾಲು ಸಿಗುತ್ತದೆ. ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಹೆಸರು ನೋಂದಾಯಿಸಿ.

ಕಾಲ್_ಸೆಂಟರ್_ಕಥೆ
ಯುವನಿಧಿ 3,000 ಬರುತ್ತಿದ್ದರೆ ಅಪ್ರೆಂಟಿಸ್ ಸೇರಿದ ಮೇಲೆ ನಿಲ್ಲುತ್ತದೆ, ಅದನ್ನೂ ಹೇಳಿ ಸರ್.

ಚಾಮುಂಡಿಬೆಟ್ಟ
ಹೌದು. ಅದಿರುವುದೇ ಕೆಲಸ ಸಿಗುವವರೆಗೆ, ಅದೂ ಎರಡು ವರ್ಷದ ಮಟ್ಟಿಗೆ. 3,000ಕ್ಕಾಗಿ ಅಪ್ರೆಂಟಿಸ್ ಬಿಡಬೇಡಿ.

ಹೊನ್ನಾಳಿ_ಹುಡುಗ
ಹೊಸದಾಗಿ ಟೈಪ್ ಮಾಡಿದೆ. ಒಂದು ಪುಟಕ್ಕೆ ಬಂತು. ಮೇಲೆ ಹೆಸರು, ಫೋನ್, ಇಮೇಲ್. ಆಬ್ಜೆಕ್ಟಿವ್ ತೆಗೆದು ಎರಡು ಸಾಲು ಹಾಕಿದ್ದೇನೆ: ಬಿಕಾಂ ಪದವೀಧರ, ಟ್ಯಾಲಿ ಪ್ರೈಮ್‌ನಲ್ಲಿ ಬಿಲ್ಲು ಮತ್ತು ಜಿಎಸ್‌ಟಿ ಲೆಕ್ಕ ಮಾಡಿದ್ದೇನೆ, ಬೆಂಗಳೂರಿಗೆ ಬರಲು ಸಿದ್ಧ. ಆಮೇಲೆ ಅಂಗಡಿ ಕೆಲಸ, ಆಮೇಲೆ ಓದು, ಆಮೇಲೆ ಎಕ್ಸೆಲ್‌ನಲ್ಲಿ ಏನೇನು ಬರುತ್ತದೆ. ಎನ್‌ಎಸ್‌ಎಸ್ ಏಳು ದಿನದ ಶಿಬಿರದಲ್ಲಿ ಊಟದ ಖರ್ಚಿನ ಲೆಕ್ಕ ನಾನೇ ನೋಡಿದ್ದೆ, ಅದನ್ನೂ ಹಾಕಿದೆ. ನೋಟ್‌ಪ್ಯಾಡ್ ಪರೀಕ್ಷೆ ಸರಿಯಾಗಿ ಬಂತು.

ಒಂದೇ ಅನುಮಾನ. ಮಾವನ ಅಂಗಡಿ ಅಂತ ಗೊತ್ತಾದರೆ ಸುಮ್ನೆ ಬರೆದುಕೊಂಡಿದ್ದಾನೆ ಅಂದುಕೊಳ್ಳುವುದಿಲ್ಲವಾ?

ಲೆಡ್ಜರ್_ಅಕ್ಕ
ಅದಕ್ಕೇ ಕುಟುಂಬದ ವ್ಯಾಪಾರ ಅಂತ ನೀನೇ ಮೊದಲು ಹಾಕು. ಅಂಗಡಿಯ ಲೆಟರ್‌ಹೆಡ್‌ನಲ್ಲಿ, ಜಿಎಸ್‌ಟಿ ನಂಬರ್ ಇರುವಂತೆ, ಯಾವ ಯಾವ ರಜೆಯಲ್ಲಿ ಯಾವ ಕೆಲಸ ಮಾಡಿದ ಅಂತ ಮಾವನಿಂದ ಒಂದು ಪತ್ರ ಬರೆಸಿಕೋ. ಸಂಬಳ ಕೊಟ್ಟೆ ಅಂತ ಬರೆಸಬೇಡ, ಕೊಟ್ಟಿಲ್ಲದಿದ್ದರೆ. ಆ ಟ್ಯಾಕ್ಸ್ ಕನ್ಸಲ್ಟೆಂಟ್ ನಿನ್ನ ಎಕ್ಸೆಲ್ ನೋಡಿದ್ದಾರಲ್ಲ, ಅವರನ್ನು ಕೇಳಿ ಅವರ ಹೆಸರನ್ನೂ ರೆಫರೆನ್ಸ್‌ಗೆ ಇಟ್ಟುಕೋ. ಮಾವನಿಗಿಂತ ಅವರ ಮಾತಿಗೆ ತೂಕ ಜಾಸ್ತಿ.

ಪುಟವನ್ನು ನನಗೆ ಮೆಸೇಜ್ ಮಾಡು, ಇಂಗ್ಲಿಷ್ ನೋಡಿಕೊಡುತ್ತೇನೆ. ಇಲ್ಲಿ ನಂಬರ್ ಹಾಕಬೇಡ.

ಹೊನ್ನಾಳಿ_ಹುಡುಗ
ಆಯಿತು ಅಕ್ಕಾ. ಕನ್ಸಲ್ಟೆಂಟ್ ಸರ್‌ಗೆ ಫೋನ್ ಮಾಡಿದೆ, ಧಾರಾಳವಾಗಿ ಹಾಕಪ್ಪ ಅಂದರು. ಅವರ ಪರಿಚಯದ ಒಂದು ಆಫೀಸಿಗೂ ಕಳಿಸು ಅಂದಿದ್ದಾರೆ.

ಶಿರಸಿ_ಕೆಮಿಸ್ಟ್ರಿ
ಬಿಎಸ್ಸಿ ಕೆಮಿಸ್ಟ್ರಿಯವರಿಗೂ ಯಾರಾದರೂ ಹೇಳಿ. ಫಾರ್ಮಾ ಕಂಪನಿ ಕ್ವಾಲಿಟಿ ಕಂಟ್ರೋಲ್‌ಗೆ ಹಾಕಬೇಕು. ಎಚ್‌ಪಿಎಲ್‌ಸಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಗೊತ್ತು ಅಂತ ಬರೆಯಬಹುದಾ? ಪ್ರಾಕ್ಟಿಕಲ್‌ನಲ್ಲಿತ್ತು.

ನೇರಮಾತು
ನೀವೇ ಸ್ಯಾಂಪಲ್ ಹಾಕಿ ನಡೆಸಿದ್ದೀರಾ, ಲೆಕ್ಚರರ್ ಮಾಡಿದ್ದನ್ನು ಸುತ್ತ ನಿಂತು ನೋಡಿದ್ದೀರಾ?

ಶಿರಸಿ_ಕೆಮಿಸ್ಟ್ರಿ
ನೋಡಿದ್ದು. ಟೈಟ್ರೇಷನ್, ಪಿಎಚ್ ಮೀಟರ್, ಕಲರಿಮೀಟರ್ ನಾನೇ ಮಾಡಿದ್ದೇನೆ.

ನೇರಮಾತು
ಹಾಗಾದರೆ ಆ ಮೂರನ್ನು ಹಾಕಿ, ಯಾವ ಯಾವ ಟೈಟ್ರೇಷನ್ ಅಂತ ಬಿಡಿಸಿ ಬರೆಯಿರಿ. ಎಚ್‌ಪಿಎಲ್‌ಸಿಗೆ ತತ್ವ ಗೊತ್ತು, ಡೆಮೊ ನೋಡಿದ್ದೇನೆ ಅಂತ ಬೇರೆ ಸಾಲು. ಉಳಿದದ್ದಕ್ಕೆ ಹೊಸ ಪ್ರಶ್ನೆ ಹಾಕಿ, ಫಾರ್ಮಾದವರು ಇಲ್ಲಿ ಇದ್ದಾರೆ.